ಎದೆ ಬಿಗಿತ ಆಸ್ತಮಾದ್ದೋ, ಪಲ್ಮನರಿ ಹೈಪರ್‌ಟೆನ್ಷನ್ನಿನದೋ? ಎರಡೂ ಇರುವವರು ಹೇಗೆ ಗುರುತಿಸುತ್ತೀರಿ?

ಸೂಜಿದಾರ:

ನಮಸ್ಕಾರ. ನನಗೆ 47 ವರ್ಷ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಆಸ್ತಮಾ ಚಿಕ್ಕಂದಿನಿಂದ ಇದೆ, ಅದರ ಸ್ವಭಾವ ನನಗೆ ಗೊತ್ತು. ಈಚೆಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಪಲ್ಮನರಿ ಹೈಪರ್‌ಟೆನ್ಷನ್ ಕೂಡ ಇದೆ ಅಂದರು. ಹೃದಯದಿಂದ ಶ್ವಾಸಕೋಶಕ್ಕೆ ಹೋಗುವ ರಕ್ತನಾಳದಲ್ಲಿ ಒತ್ತಡ ಜಾಸ್ತಿಯಂತೆ. ತೋಳಿಗೆ ಪಟ್ಟಿ ಸುತ್ತಿ ನೋಡುವ ಬಿಪಿ ಮಾತ್ರ ನನಗೆ ಸರಿಯಾಗೇ ಇದೆ. ಇದು ಬೇರೆ, ಅದು ಬೇರೆ ಅಂತ ಮನೆಯವರಿಗೆ ಹೇಳಿ ಹೇಳಿ ಸಾಕಾಗಿದೆ. "ಬಿಪಿ ನಾರ್ಮಲ್ ಇದೆಯಲ್ಲ, ಮತ್ತೇನು?" ಅನ್ನುತ್ತಾರೆ.

ನನ್ನ ಪ್ರಶ್ನೆ ಎದೆಯ ಬಗ್ಗೆ. ನನಗೆ ಎರಡು ಥರ ಆಗುತ್ತದೆ.

ಒಂದು ಹಳೆಯದು. ಬೆಳಗಿನ ಜಾವ ಬರುತ್ತದೆ. ಉಣ್ಣೆ ಬಟ್ಟೆ ಕತ್ತರಿಸುವಾಗ ನೂಲಿನ ಧೂಳು ಎದ್ದರೆ ಬರುತ್ತದೆ. ಅಳತೆ ತಪ್ಪಿ ಬಿಗಿಯಾಗಿ ಹೊಲೆದ ಅಂಗಿ ತೊಟ್ಟ ಹಾಗೆ ಎದೆ ಸುತ್ತ ಹಿಡಿಯುತ್ತದೆ. ಕೆಮ್ಮು, ಸುಯ್ಯನೆ ಸದ್ದು. ಉಸಿರು ಒಳಗೆ ಹೋಗುತ್ತದೆ, ಹೊರಗೆ ಬಿಡುವುದೇ ಕಷ್ಟ. ಸ್ಪೇಸರ್ ಕೊಳವೆ ಹಾಕಿ ಪಂಪ್ (ಇನ್ಹೇಲರ್) ತಗೊಂಡರೆ ಕಾಲು ಗಂಟೆಯಲ್ಲಿ ಸಡಿಲ.

ಇನ್ನೊಂದು ಹೊಸದು. ಎದೆಮೂಳೆಯ ಹಿಂದೆ, ನಡುವಿನಲ್ಲಿ ಒಂದು ಭಾರ. ಚುಚ್ಚುವ ನೋವಲ್ಲ. ಕೆಮ್ಮಿಲ್ಲ, ಸದ್ದಿಲ್ಲ. ಬಟ್ಟೆ ಗಂಟು ಹಿಡಿದು ಮೆಟ್ಟಿಲು ಹತ್ತುವಾಗ, ನೆಲಕ್ಕೆ ಬಿದ್ದ ಕತ್ತರಿ ಎತ್ತಲು ಬಗ್ಗಿದಾಗ. ಬಗ್ಗಿ ಎದ್ದರೆ ಕಣ್ಣು ಸ್ವಲ್ಪ ಮಂಜು. ನಿಂತು ಸುಧಾರಿಸಿಕೊಂಡರೆ ಇಳಿಯುತ್ತದೆ. ಇದಕ್ಕೆ ಪಂಪ್ ತಗೊಂಡರೆ ಉಪಯೋಗವೇ ಇಲ್ಲ. ಬದಲಿಗೆ ಎದೆ ಡಬಡಬ ಹೊಡೆದುಕೊಳ್ಳುತ್ತದೆ, ಬೆರಳು ನಡುಗುತ್ತದೆ. ಅದಾದ ಮೇಲೆ ಎಷ್ಟೋ ಹೊತ್ತು ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ನನ್ನ ಕೆಲಸಕ್ಕೆ ಇದು ಚಿಕ್ಕ ವಿಷಯ ಅಲ್ಲ.

ಎರಡೂ ಬೇರೆ ಬೇರೆ ಬಂದರೆ ಹೇಗೋ ಗೊತ್ತಾಗುತ್ತದೆ. ಒಟ್ಟಿಗೆ ಬಂದರೆ? ಮಧ್ಯರಾತ್ರಿ ಎದ್ದು ಕುಳಿತಾಗ ಯಾವುದು ಯಾವುದು ಅಂತ ಯಾರು ಹೇಳಬೇಕು? ಮನೆಯವರು ಪಂಪ್ ತಗೋ ಅನ್ನುತ್ತಾರೆ. ಮಗಳು ಆಸ್ಪತ್ರೆಗೆ ಹೊರಡು ಅನ್ನುತ್ತಾಳೆ. ಒಮ್ಮೆ ಹೋದೆವು. ಇಸಿಜಿ ತೆಗೆದರು, ಹೃದಯಾಘಾತ ಅಲ್ಲ ಅಂದರು, ಟೆನ್ಷನ್ ಮಾಡ್ಕೋಬೇಡಿ ಅಂತ ಕಳಿಸಿದರು. ಶ್ವಾಸಕೋಶದ ಡಾಕ್ಟರ್ "ಇದು ಹೃದಯದ್ದು ಇರಬಹುದು" ಅನ್ನುತ್ತಾರೆ, ಹೃದಯದ ಡಾಕ್ಟರ್ "ನಿಮಗೆ ಆಸ್ತಮಾ ಇದೆಯಲ್ಲ" ಅನ್ನುತ್ತಾರೆ. ನಡುವೆ ನಾನು.

ಇನ್ನೊಂದು. ಎಕೋ ರಿಪೋರ್ಟಿನಲ್ಲಿ ಒತ್ತಡ 52 ಅಂತ ಇದೆ. 20 ದಾಟಿದರೇ ಕಾಯಿಲೆ ಅಂತ ಎಲ್ಲೋ ಓದಿದೆ. ಹಾಗಾದರೆ 52 ಅಂದರೆ ಎಷ್ಟು ಕೆಟ್ಟದ್ದು? ಈ ರಿಪೋರ್ಟ್ ಓದಿದ ದಿನದಿಂದ ನಿದ್ದೆ ಸರಿ ಇಲ್ಲ.

ಮೆಟ್ಟಿಲಶತ್ರು:

ಅಕ್ಕಾ, ನನಗೂ ಎರಡೂ ಇವೆ. ನನ್ನದು ರಕ್ತನಾಳಗಳೇ ಕಿರಿದಾಗುವ ಥರದ್ದು, ಅದಕ್ಕೆಂದೇ ಇರುವ ಮಾತ್ರೆ ನಡೆಯುತ್ತಿದೆ. ಮೊದಲು ಎಷ್ಟೋ ಕಾಲ ಎಲ್ಲವನ್ನೂ ಆಸ್ತಮಾ ಖಾತೆಗೇ ಹಾಕುತ್ತಿದ್ದರು. ಏದುಸಿರು ಎರಡರಲ್ಲೂ ಇರುವುದರಿಂದ ಹೀಗೆ ತುಂಬ ಜನರಿಗೆ ಆಗುತ್ತದೆ.

ನನಗೆ ದಾರಿ ತೋರಿಸಿದ್ದು ಪೀಕ್ ಫ್ಲೋ ಮೀಟರ್. ಜೋರಾಗಿ ಊದಿ ನೋಡುವ ಸಣ್ಣ ಕೊಳವೆ. ಆರಾಮಾಗಿರುವ ದಿನಗಳಲ್ಲಿ ಊದಿ ನಿಮ್ಮ ಅತಿ ಹೆಚ್ಚಿನ ಅಂಕಿ ಯಾವುದು ಅಂತ ಮೊದಲು ತಿಳಿದುಕೊಳ್ಳಬೇಕು. ನನ್ನದು 380. ಎದೆ ಹಿಡಿದಾಗ ಊದುತ್ತೇನೆ. 300ಕ್ಕಿಂತ ಕೆಳಗೆ ಬಂದಿದ್ದರೆ, ಅಂದರೆ ಸುಮಾರು ಶೇಕಡಾ 80ಕ್ಕಿಂತ ಕಡಿಮೆ, ಶ್ವಾಸನಾಳ ಕಿರಿದಾಗಿದೆ, ಪಂಪ್ ತಗೊಳ್ಳುತ್ತೇನೆ. ಅರ್ಧಕ್ಕಿಂತ ಕೆಳಗಿದ್ದರೆ ಪಂಪ್ ತಗೊಂಡು ನೇರ ಆಸ್ಪತ್ರೆಗೆ. ಎದೆ ಭಾರ ಇದೆ, ಆದರೆ ಅಂಕಿ 370 ತೋರಿಸುತ್ತಿದೆ ಅಂದರೆ ತಕರಾರು ಶ್ವಾಸನಾಳದ್ದಲ್ಲ ಅಂತ ಒಂದು ಸುಳಿವು. ಸುಳಿವು ಅಷ್ಟೇ, ತೀರ್ಪಲ್ಲ.

ಇನ್ನೊಂದು ಗಮನಿಸಿ: ಯಾವಾಗ ಜಾಸ್ತಿ ಆಗುತ್ತದೆ ಅಂತ. ಶ್ರಮದಿಂದ ಬರುವ ಆಸ್ತಮಾ ಬಿಗಿತ ಸಾಮಾನ್ಯವಾಗಿ ಕೆಲಸ ನಿಲ್ಲಿಸಿದ ಮೇಲೆ ಐದು ಹತ್ತು ನಿಮಿಷಕ್ಕೆ ಏರುತ್ತದೆ. ಪಲ್ಮನರಿ ಹೈಪರ್‌ಟೆನ್ಷನ್ನಿನ (ಪಿಎಚ್) ಭಾರ ಹತ್ತುವಾಗಲೇ ಬರುತ್ತದೆ, ನಿಂತರೆ ಇಳಿಯುತ್ತದೆ. ನೀವು ಬರೆದದ್ದು ಓದಿದರೆ ಎರಡನೆಯದು ಹೀಗೇ ಇದೆ, ಅಲ್ವಾ?

ಆ ಭಾರ ಯಾಕೆ ಬರುತ್ತದೆ ಅಂದರೆ, ಹೃದಯದ ಬಲಗಡೆಯ ಕೋಣೆ ಮೂಲತಃ ತೆಳು ಗೋಡೆಯದು. ಕಡಿಮೆ ಒತ್ತಡಕ್ಕೆ ಅಂತ ಆಗಿರುವುದು. ಮುಂದೆ ಒತ್ತಡ ಜಾಸ್ತಿಯಾದರೆ ಅದು ದಪ್ಪಗಾಗುತ್ತದೆ, ಹಿಗ್ಗುತ್ತದೆ. ಆಗ ಆ ಗೋಡೆಗೇ ಬೇಕಾದಷ್ಟು ರಕ್ತ ಸಿಗುವುದಿಲ್ಲ. ಶ್ರಮ ಪಟ್ಟಾಗ ಇನ್ನೂ ಕೊರತೆ. ಕೆಲವರಲ್ಲಿ ಶ್ವಾಸಕೋಶದ ದೊಡ್ಡ ರಕ್ತನಾಳ ಹಿಗ್ಗಿ, ಹೃದಯಕ್ಕೆ ರಕ್ತ ಕೊಡುವ ಎಡ ನಾಳವನ್ನೇ ಒತ್ತುವುದೂ ಉಂಟು. ಅದಕ್ಕೇ "ಟೆನ್ಷನ್" ಅಂತ ಯಾರಾದರೂ ತಳ್ಳಿಹಾಕಿದರೆ ಒಪ್ಪಬೇಡಿ. ಪಿಎಚ್ ಇರುವವರಿಗೆ ಎದೆನೋವು ಬಂದರೆ ಅದನ್ನು ನೋಡಲೇಬೇಕು.

ಪಂಪ್ ಬಗ್ಗೆ: ಅದರಲ್ಲಿರುವ ಸಾಲ್ಬುಟಮಾಲ್ ಔಷಧ ಹೃದಯ ಬಡಿತ ಹೆಚ್ಚಿಸುತ್ತದೆ, ಕೈ ನಡುಗಿಸುತ್ತದೆ. ಪದೇಪದೇ ತಗೊಂಡರೆ ರಕ್ತದಲ್ಲಿ ಪೊಟ್ಯಾಸಿಯಂ ಇಳಿಯುತ್ತದೆ. ಮೂತ್ರ ಹೆಚ್ಚಿಸುವ ಮಾತ್ರೆಯೂ ಇದ್ದರೆ ಎರಡೂ ಸೇರಿ ಇನ್ನಷ್ಟು ಇಳಿಸುತ್ತವೆ. ಹಾಗಂತ ಹೆದರಿ, ನಿಜವಾದ ಆಸ್ತಮಾ ಬಂದಾಗ ಪಂಪ್ ತಗೊಳ್ಳದೆ ಕೂರಬೇಡಿ. ಅದು ಇದಕ್ಕಿಂತ ಅಪಾಯ. ಅನುಮಾನ ಇದ್ದರೆ ತಗೊಳ್ಳಿ. ಕೈ ನಡುಕ ಆಮೇಲೆ ತಾನೇ ಹೋಗುತ್ತದೆ.

ರಾತ್ರಿಪಾಳಿ:

ನಮ್ಮ ಮಾವನವರಿಗೆ ಎದೆ ಭಾರ ಆದರೆ ನಾಲಿಗೆ ಕೆಳಗೆ ಇಡುವ ಮಾತ್ರೆ ಕೊಟ್ಟಿದ್ದಾರೆ. ಎರಡು ನಿಮಿಷದಲ್ಲಿ ಆರಾಮ. ನೀವೂ ಒಂದು ಇಟ್ಟುಕೊಳ್ಳಬಹುದಲ್ವಾ?

ಎಕೋ ಕೋಣೆ:

ದಯವಿಟ್ಟು ಬೇಡ. ಆ ಮಾತ್ರೆ ನೈಟ್ರೇಟ್. ಪಲ್ಮನರಿ ಹೈಪರ್‌ಟೆನ್ಷನ್ನಿಗೆ ಸಿಲ್ಡೆನಾಫಿಲ್, ಟಡಾಲಾಫಿಲ್ ಅಥವಾ ರಿಯೋಸಿಗ್ವಾಟ್ ತಗೊಳ್ಳುವವರು ನೈಟ್ರೇಟ್ ಇಟ್ಟರೆ ಬಿಪಿ ಧಡಕ್ಕನೆ ಬಿದ್ದು ಜೀವಕ್ಕೇ ಕುತ್ತು. ಸೂಜಿದಾರ ಅವರು ಈ ಮಾತ್ರೆಗಳಲ್ಲಿ ಇಲ್ಲದಿರಬಹುದು, ಆದರೆ ಇಲ್ಲಿ ಓದುವ ಎಷ್ಟೋ ಜನ ಇರುತ್ತಾರೆ. ಮಾವನವರ ಕಾಯಿಲೆ ಬೇರೆ, ಮಾತ್ರೆಯೂ ಅವರದೇ. ಇನ್ನು ಆಸ್ತಮಾ ಇರುವವರು ನೆಗಡಿ ಮಾತ್ರೆ, ನೋವಿನ ಮಾತ್ರೆ ಸುಮ್ನೆ ತಗೊಳ್ಳಬಾರದು. ಆಸ್ಪಿರಿನ್, ಐಬುಪ್ರೊಫೆನ್ ಕೆಲವರಿಗೆ ಉಬ್ಬಸ ಎಬ್ಬಿಸುತ್ತವೆ. ಮೂಗು ಬಿಡಿಸುವ ಸೂಡೋಎಫೆಡ್ರಿನ್ ರಕ್ತನಾಳ ಕುಗ್ಗಿಸುತ್ತದೆ, ಪಿಎಚ್‌ಗೆ ಒಳ್ಳೆಯದಲ್ಲ.

ಈಗ 52ರ ವಿಷಯ. ನಾನು ಎಕೋ ಮಾಡುವ ಕೆಲಸದಲ್ಲಿ ಇದ್ದೇನೆ. ದಿನಾ ಯಾರಾದರೂ ಇದನ್ನೇ ಕೇಳುತ್ತಾರೆ, ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ.

ನೀವು ಓದಿದ 20 ಮತ್ತು ನಿಮ್ಮ ರಿಪೋರ್ಟಿನ 52 ಒಂದೇ ಅಳತೆ ಅಲ್ಲ. 20 ಅನ್ನುವುದು ಸರಾಸರಿ ಒತ್ತಡ. ರಕ್ತನಾಳದೊಳಗೆ ತೆಳು ಕೊಳವೆ ಕಳಿಸಿ ನೇರವಾಗಿ ಅಳೆದದ್ದು. ಆರೋಗ್ಯವಂತರಲ್ಲಿ ಇದು 14ರ ಆಸುಪಾಸು ಇರುತ್ತದೆ. 1973ರಲ್ಲಿ ಜಿನೀವಾದಲ್ಲಿ ನಡೆದ ಸಭೆಯಿಂದ ಬಹುಕಾಲ 25 ಅನ್ನೇ ಗಡಿ ಅಂತ ಇಟ್ಟುಕೊಂಡಿದ್ದರು. 2018ರಲ್ಲಿ ಅದನ್ನು ಇಳಿಸಬೇಕು ಅಂತ ತಜ್ಞರು ಹೇಳಿದರು, 2022ರ ಯುರೋಪಿನ ಮಾರ್ಗಸೂಚಿಯಲ್ಲಿ 20 ದಾಟಿದರೆ ಅಂತ ಬಂತು.

ಎಕೋದಲ್ಲಿ ಬರೆಯುವುದು ಹೃದಯ ಹಿಂಡಿದ ಕ್ಷಣದ ಮೇಲಿನ ಒತ್ತಡ. ಅದೂ ಅಂದಾಜು. ಬಲಗಡೆಯ ಕವಾಟದಲ್ಲಿ ರಕ್ತ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದಲ್ಲ, ಅದರ ವೇಗ ನೋಡಿ ಲೆಕ್ಕ ಹಾಕುತ್ತೇವೆ. ವೇಗದ ವರ್ಗವನ್ನು 4ರಿಂದ ಗುಣಿಸಿ, ಮೇಲಿನ ಕೋಣೆಯ ಒತ್ತಡ ಅಂತ 3, 8 ಅಥವಾ 15 ಸೇರಿಸುತ್ತೇವೆ. ನಿಮ್ಮ ವೇಗ ಸೆಕೆಂಡಿಗೆ 3.3 ಮೀಟರ್ ಇದ್ದಿರಬಹುದು. 3.3ರ ವರ್ಗ 10.89, ಅದರ ನಾಲ್ಕರಷ್ಟು ಸುಮಾರು 44, ಮೇಲೆ 8 ಹಾಕಿದರೆ 52. ಸೇರಿಸುವುದು 3 ಆಗಿದ್ದರೆ 47 ಬರುತ್ತಿತ್ತು. ಅಷ್ಟು ಸಡಿಲ ಈ ಅಂಕಿ. ಆಸ್ತಮಾದವರ ಶ್ವಾಸಕೋಶದಲ್ಲಿ ಗಾಳಿ ತುಂಬಿಕೊಂಡಿದ್ದರೆ ಚಿತ್ರವೇ ಸರಿಯಾಗಿ ಸಿಗುವುದಿಲ್ಲ. ವೇಗ 2.8 ದಾಟಿದರೆ ಅನುಮಾನ, 3.4 ದಾಟಿದರೆ ಬಲವಾದ ಅನುಮಾನ. ನಿಮ್ಮದು ನಡುವೆ. ಚೆನ್ನಾಗಿದೆ ಅಂತ ನಾನು ಹೇಳುತ್ತಿಲ್ಲ. ಆದರೆ 20ರ ಪಕ್ಕ 52 ಇಟ್ಟು ನಿದ್ದೆ ಕೆಡಿಸಿಕೊಳ್ಳಬೇಡಿ.

ನಿಜವಾಗಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಈ ಒತ್ತಡ ಬಂದದ್ದು ಯಾಕೆ? ಬರೀ ಆಸ್ತಮಾದಿಂದ ಇಷ್ಟು ಏರುವುದು ಅಪರೂಪ. ಎಡಗಡೆ ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಬೇರೆ ಶ್ವಾಸಕೋಶದ ಕಾಯಿಲೆ, ಹಳೆಯ ರಕ್ತದ ಗರಣೆ ಸಿಕ್ಕಿಕೊಂಡಿರುವುದು, ಹೀಗೆ ಕಾರಣಗಳನ್ನು ಐದು ಗುಂಪು ಮಾಡಿದ್ದಾರೆ. ಗುಂಪು ಯಾವುದು ಅಂತ ಗೊತ್ತಾಗದೆ ಔಷಧ ಶುರು ಮಾಡುವ ಹಾಗಿಲ್ಲ. ಗರಣೆ ಹುಡುಕಲು ವಿಕ್ಯೂ ಸ್ಕ್ಯಾನ್, ಜೊತೆಗೆ ನಿದ್ದೆಯ ಪರೀಕ್ಷೆ, ಕೊನೆಗೆ ಬಲಗಡೆಯ ಕ್ಯಾಥೆಟರ್, ಅಂದರೆ ಮೇಲೆ ಹೇಳಿದ ತೆಳು ಕೊಳವೆಯ ಪರೀಕ್ಷೆ. ಇವುಗಳಲ್ಲಿ ಯಾವುದು ಆಗಿದೆ?

ಸೂಜಿದಾರ:

ಯಾವುದೂ ಆಗಿಲ್ಲ! ಬರೀ ಎಕೋ, ಎಕ್ಸ್‌ರೇ, ರಕ್ತ ಪರೀಕ್ಷೆ. ರಿಪೋರ್ಟ್ ತೆಗೆದು ನೋಡಿದೆ, ವೇಗ 3.3 ಅಂತಲೇ ಇದೆ. ನೀವು ಹೇಳುವ ತನಕ ಆ ಸಾಲು ಓದಿಯೇ ಇರಲಿಲ್ಲ.

ಗೊರಕೆ ವಿಷಯ ಕೇಳಬೇಡಿ. ನಾನು ಗೊರಕೆ ಹೊಡೆದು ಹೊಡೆದು ತಟ್ಟನೆ ನಿಲ್ಲಿಸುತ್ತೇನಂತೆ, ಆಮೇಲೆ ಉಸಿರು ಎಳೆದುಕೊಂಡು ಏಳುತ್ತೇನಂತೆ. ಮಗಳು ಫೋನಿನಲ್ಲಿ ರೆಕಾರ್ಡ್ ಮಾಡಿ ತಮಾಷೆ ಮಾಡಿದ್ದಳು. ಡಾಕ್ಟರಿಗೆ ಅದನ್ನು ಹೇಳಬೇಕು ಅಂತಲೇ ಹೊಳೆದಿರಲಿಲ್ಲ.

ಇನ್ನೊಂದು ಕೇಳಲಾ? ಜೋರು ಕೆಮ್ಮು ಬಂದ ಮಾರನೆ ದಿನ ಎದೆಮೂಳೆಯ ಪಕ್ಕ ಬೆರಳಿಟ್ಟರೆ ನೋವು. ತಿರುಗಿ ಮಲಗಿದರೂ ನೋವು. ಇದು ಮೂರನೆಯದಾ?

ಮೆಟ್ಟಿಲಶತ್ರು:

ಪಕ್ಕೆಲುಬು ಸೇರುವ ಜಾಗ ಮತ್ತು ಅದರ ಸ್ನಾಯು ಇರಬಹುದು. ಒತ್ತಿದ ಕಡೆ ನೋಯುವುದು, ತಿರುಗಿದರೆ ಹಿಡಿಯುವುದು ಅದರ ಗುಣ. ಕೆಮ್ಮಿ ಕೆಮ್ಮಿ ನನಗೂ ಆಗುತ್ತದೆ. ಬಿಸಿ ನೀರಿನ ಚೀಲ ಇಟ್ಟುಕೊಳ್ಳುತ್ತೇನೆ. ಹೊಟ್ಟೆಯ ಹುಳಿ ಮೇಲೆ ಬಂದರೂ ಎದೆ ಉರಿಯುತ್ತದೆ, ಅದು ಕೆಮ್ಮನ್ನೂ ಎಬ್ಬಿಸುತ್ತದೆ. ಹಾಗಾಗಿ ನಾಲ್ಕನೆಯದೂ ಇರಬಹುದು ಅಂತ ಇಟ್ಟುಕೊಳ್ಳಿ.

ಆ ರೆಕಾರ್ಡಿಂಗ್ ಅಳಿಸಬೇಡಿ. ಡಾಕ್ಟರಿಗೆ ಕೇಳಿಸಿ.

ಅಮ್ಮನ ಕಾವಲು:

ನಾನು ರೋಗಿ ಅಲ್ಲ. ನಮ್ಮ ಅಮ್ಮನನ್ನು ನೋಡಿಕೊಳ್ಳುವವನು. ಅವರಿಗೂ ಪಿಎಚ್. ಮೇಲಿನವರ ಮಾತಿಗೆ ಒಂದು ತಕರಾರು ಇದೆ. ಮನೆಯಲ್ಲಿ ಮೀಟರ್ ಹಿಡಿದು ಇದು ಅದು ಅಂತ ಲೆಕ್ಕ ಹಾಕುತ್ತಾ ಕೂರುವುದಕ್ಕೂ ಒಂದು ಮಿತಿ ಬೇಕು. ತಲೆ ತಿರುಗಿ ಬಿದ್ದರೆ ಅಥವಾ ಬೀಳುವ ಹಾಗಾದರೆ, ನೋವು ತೋಳಿಗೆ ದವಡೆಗೆ ಹರಡಿದರೆ, ಕುಳಿತಿದ್ದಾಗಲೂ ಭಾರ ಇಳಿಯದಿದ್ದರೆ, ತುಟಿ ನೀಲಿಯಾದರೆ, ಕೆಮ್ಮಿನಲ್ಲಿ ರಕ್ತ ಬಂದರೆ, ಒಂದು ವಾಕ್ಯ ಪೂರ್ತಿ ಮಾತಾಡಲು ಆಗದಿದ್ದರೆ ಯಾವ ಮೀಟರೂ ಬೇಡ. ತುರ್ತು ವಿಭಾಗ. ಅಲ್ಲಿ ಮೊದಲ ಮಾತೇ "ಪಲ್ಮನರಿ ಹೈಪರ್‌ಟೆನ್ಷನ್ ಇದೆ" ಅಂತ ಇರಲಿ. ಇಸಿಜಿ ನೋಡಿ ಕಳಿಸುವವರಿಗೂ ಅದು ಗೊತ್ತಿರಬೇಕು.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೂಡ ಹೀಗೇ. ಅಮ್ಮ ದಿನವಿಡೀ ಅದನ್ನೇ ನೋಡುತ್ತಿದ್ದರು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣ ಇದ್ದರೆ ತಪ್ಪು ತೋರಿಸುತ್ತದೆ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವುದೂ ಇದೆ. ಈಗ ಬೆಳಗ್ಗೆ ಒಮ್ಮೆ, ನಡೆದು ಬಂದ ಮೇಲೆ ಒಮ್ಮೆ. ಬಾಕಿ ಹೊತ್ತು ಅದು ನನ್ನ ಜೇಬಿನಲ್ಲಿ. ಅವರಿಗೆ ನನ್ನ ಮೇಲೆ ಸಿಟ್ಟಿದೆ, ಇರಲಿ.

ನಿಜವಾಗಿ ಉಪಯೋಗಕ್ಕೆ ಬಂದದ್ದು ತೂಕದ ಯಂತ್ರ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದ ಮೇಲೆ ನೋಡಿ ಬರೆಯುತ್ತೇವೆ. ಒಂದೆರಡು ದಿನದಲ್ಲಿ ಒಂದೂವರೆ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ನೀರು. ಕಾಲು ಊದುವ ಮೊದಲೇ ತೂಕ ಹೇಳಿಬಿಡುತ್ತದೆ. ಆಗ ಡಾಕ್ಟರಿಗೆ ಫೋನ್. ಉಪ್ಪು ಕಡಿಮೆ. ತುಂಬ ಬಿಸಿ ನೀರಿನ ಸ್ನಾನ ಬೇಡ, ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ. ಕುಳಿತು ಸ್ನಾನ. ಉಸಿರು ಬಿಗಿಹಿಡಿದು ಭಾರ ಎತ್ತುವುದಂತೂ ಬೇಡವೇ ಬೇಡ. ಮಲಬದ್ಧತೆ ಇದ್ದರೆ ಅದಕ್ಕೂ ಔಷಧ ಕೇಳಿ. ಮುಕ್ಕಿ ಮುಕ್ಕಿ ಪ್ರಜ್ಞೆ ತಪ್ಪಿದವರಿದ್ದಾರೆ.

ಸೂಜಿದಾರ:

ಬಟ್ಟೆ ಗಂಟು ಎತ್ತುವಾಗ ನಾನು ಉಸಿರು ಹಿಡಿದೇ ಎತ್ತುವುದು. ಈಗ ಗಮನಿಸಿದೆ. ಎತ್ತುವಾಗ ತುಟಿ ಮುಂದೆ ಮಾಡಿ ಉಸಿರು ಬಿಡಬೇಕು ಅಂತ ಯಾರೋ ಹೇಳಿದ್ದರು, ಮರೆತಿತ್ತು. ಗಂಟನ್ನು ಎರಡು ಮಾಡಿ ಮಗಳ ಕೈಗೆ ಕೊಡುತ್ತಿದ್ದೇನೆ. ಅವಳಿಗೂ ಈಗ ತಮಾಷೆ ಕಡಿಮೆಯಾಗಿದೆ.

ಮುಂದಿನ ವಾರ ಡಾಕ್ಟರ್ ಇದ್ದಾರೆ. ನೀವೆಲ್ಲ ಹೇಳಿದ ಪರೀಕ್ಷೆಗಳ ಹೆಸರು ಬರೆದುಕೊಂಡಿದ್ದೇನೆ. ಇಂಟರ್ನೆಟ್ಟಿನಲ್ಲಿ ಓದಿಕೊಂಡು ಬಂದಳು ಅಂತ ಅಂದರೆ ಅನ್ನಲಿ.

ಸೂಜಿದಾರ (ಕೆಲವು ತಿಂಗಳ ನಂತರ):

ಏನಾಯಿತು ಅಂತ ಕೆಲವರು ಕೇಳಿದ್ದರು. ಬರೆಯುತ್ತೇನೆ.

ಹೊಸ ಡಾಕ್ಟರ್ ಒಬ್ಬರು ಎರಡೂ ಕಡೆಯವರನ್ನು ಫೋನಿನಲ್ಲಿ ಒಟ್ಟಿಗೆ ಕೂರಿಸಿ ಮಾತಾಡಿದರು. ಅದೇ ಅರ್ಧ ಚಿಕಿತ್ಸೆ ಅನ್ನಿಸಿತು. ವಿಕ್ಯೂ ಸ್ಕ್ಯಾನಿನಲ್ಲಿ ಗರಣೆ ಇಲ್ಲ. ಕ್ಯಾಥೆಟರಿಗೆ ತುಂಬ ಹೆದರಿದ್ದೆ. ಕುತ್ತಿಗೆಯ ಪಕ್ಕ ಮರಗಟ್ಟಿಸಿ ಕೊಳವೆ ಹಾಕಿದರು, ಎಚ್ಚರವಾಗೇ ಇದ್ದೆ. ಒತ್ತಿದ ಹಾಗಾಯಿತು, ನೋವೇನಿಲ್ಲ. ಸರಾಸರಿ ಒತ್ತಡ 29. ಎಡಗಡೆಯ ಒತ್ತಡ 11, ಅದು 15ರೊಳಗೆ ಇರುವುದರಿಂದ ಎಡ ಹೃದಯದ ತಕರಾರಲ್ಲ. ಎಕೋ ಕೋಣೆಯವರೇ, 52 ನೋಡಿ ಎಷ್ಟು ರಾತ್ರಿ ಹಾಳು ಮಾಡಿಕೊಂಡೆ ನೋಡಿ.

ನಿದ್ದೆಯ ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ರಾತ್ರಿ ಉಸಿರು ನಿಂತು ನಿಂತು ಆಕ್ಸಿಜನ್ 80ರ ಕೆಳಗೆ ಹೋಗುತ್ತಿತ್ತು. ಆಕ್ಸಿಜನ್ ಕಡಿಮೆಯಾದರೆ ಶ್ವಾಸಕೋಶದ ರಕ್ತನಾಳಗಳು ಬಿಗಿದುಕೊಳ್ಳುತ್ತವಂತೆ. ದೇಹದ ಬೇರೆ ಕಡೆ ಹೀಗಾಗುವುದಿಲ್ಲ, ಇಲ್ಲಿ ಮಾತ್ರ ಉಲ್ಟಾ. ರಾತ್ರಿಯೆಲ್ಲ ಹಾಗೆ ಬಿಗಿದು ಬಿಗಿದು, ವರ್ಷಗಟ್ಟಲೆ. ನನ್ನದು ಮೂರನೇ ಗುಂಪು, ಅಂದರೆ ಶ್ವಾಸಕೋಶದ ಕಾಯಿಲೆ ಅಥವಾ ಆಕ್ಸಿಜನ್ ಕೊರತೆಯಿಂದ ಬಂದದ್ದು ಅಂದರು. ಮೆಟ್ಟಿಲಶತ್ರು ತಗೊಳ್ಳುವ ಮಾತ್ರೆ ನನಗೆ ಬೇಡ, ಮೊದಲು ಉಸಿರು ಸರಿ ಮಾಡೋಣ ಅಂದರು. ರಾತ್ರಿ ಮಾಸ್ಕ್ ಹಾಕಿ ಗಾಳಿ ಒತ್ತುವ ಸಿಪ್ಯಾಪ್ ಯಂತ್ರ ಕೊಟ್ಟಿದ್ದಾರೆ.

ಪಂಪ್ ಕೂಡ ಬದಲಾಯಿತು. ಬರೀ ಸಾಲ್ಬುಟಮಾಲ್ ನೆಚ್ಚಿಕೊಂಡು ಇರುವುದು ಸರಿಯಲ್ಲ ಅಂತ 2019ರಿಂದಲೇ ಆಸ್ತಮಾ ಮಾರ್ಗಸೂಚಿಯಲ್ಲಿ ಇದೆಯಂತೆ. ಈಗ ಸ್ಟಿರಾಯ್ಡ್ ಮತ್ತು ಶ್ವಾಸನಾಳ ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪ್. ದಿನಕ್ಕೂ ಅದೇ, ಬಿಗಿತ ಬಂದಾಗಲೂ ಅದೇ. ಎದ್ದ ತಕ್ಷಣದ ಬಿಗಿತ ತುಂಬ ಕಡಿಮೆಯಾಗಿದೆ. ತಗೊಂಡ ಮೇಲೆ ಬಾಯಿ ಮುಕ್ಕಳಿಸಲೇಬೇಕು, ಇಲ್ಲದಿದ್ದರೆ ನಾಲಿಗೆ ಬೆಳ್ಳಗಾಗುತ್ತದೆ.

ಮೆಟ್ಟಿಲಿನ ಭಾರ ಹೋಗಿಲ್ಲ. ಇದನ್ನು ಬರೆಯದಿದ್ದರೆ ಸುಳ್ಳಾಗುತ್ತದೆ. ಕಡಿಮೆಯಾಗಿದೆ, ಅಷ್ಟೇ. ಅರ್ಧ ಮೆಟ್ಟಿಲಿಗೆ ನಿಲ್ಲುತ್ತೇನೆ. ಕತ್ತರಿಸುವ ಮೇಜಿನ ಕಾಲಿಗೆ ಮರದ ತುಂಡು ಕೊಟ್ಟು ಎತ್ತರ ಮಾಡಿಸಿದೆ, ಕತ್ತರಿಗೆ ದಾರ ಕಟ್ಟಿ ಮೇಜಿಗೇ ತೂಗುಹಾಕಿದೆ. ಬಗ್ಗುವುದೇ ಬೇಕಿಲ್ಲ. ಉಣ್ಣೆ ಬಟ್ಟೆ ಬಂದರೆ ಮಾಸ್ಕ್ ಹಾಕಿ ಕತ್ತರಿಸುತ್ತೇನೆ, ಇಲ್ಲದಿದ್ದರೆ ಒಪ್ಪುವುದಿಲ್ಲ.

ಅಮ್ಮನ ಕಾವಲು:

ಒಳ್ಳೆಯದಾಯಿತು ಅಕ್ಕಾ. ಮಾಸ್ಕ್ ರಾತ್ರಿ ಪೂರ್ತಿ ಹಾಕಿಕೊಳ್ಳಲು ಆಗುತ್ತಿದೆಯಾ? ಅಮ್ಮನಿಗೂ ಅದನ್ನೇ ಹೇಳಿದ್ದಾರೆ. ಅರ್ಧ ರಾತ್ರಿಗೆ ಕಿತ್ತು ಎಸೆಯುತ್ತಾರೆ. ಪಟ್ಟಿ ಕೆನ್ನೆ ಒತ್ತುತ್ತದೆ ಅಂತ.

ಸೂಜಿದಾರ:

ಮೊದಲ ವಾರ ನಾನೂ ಎಸೆದಿದ್ದೆ. ಹಗಲು ಟಿವಿ ನೋಡುವಾಗ ಸುಮ್ನೆ ಹಾಕಿಕೊಂಡು ಅಭ್ಯಾಸ ಮಾಡಿಸಿ. ಗಾಳಿ ನಿಧಾನಕ್ಕೆ ಏರುವ ಹಾಗೆ ಯಂತ್ರದಲ್ಲೇ ಇಡಬಹುದು, ಕೇಳಿ ನೋಡಿ. ಗಾಳಿ ಸೋರಿದರೆ ಕಣ್ಣು ಒಣಗುತ್ತದೆ, ಆಗ ಮಾಸ್ಕಿನ ಸೈಜ್ ಬದಲಿಸಬೇಕು, ಪಟ್ಟಿ ಬಿಗಿ ಮಾಡುವುದಲ್ಲ.

ಕೆನ್ನೆಗೆ ಒತ್ತುವುದಕ್ಕೆ ನಾನು ಹಳೆಯ ಮೆತ್ತನೆ ಹತ್ತಿ ಬಟ್ಟೆಯಲ್ಲಿ ಪಟ್ಟಿಗೆ ಕವರ್ ಹೊಲೆದುಕೊಂಡಿದ್ದೇನೆ. ಹೊಲಿಗೆ ಹೊರಗಡೆ ಬರಬೇಕು, ಒಳಗಿದ್ದರೆ ಅದೇ ಒತ್ತುತ್ತದೆ. ವಾರಕ್ಕೆ ಎರಡು ಸಲ ಒಗೆಯಲು ಎರಡು ಜೊತೆ ಇಟ್ಟುಕೊಳ್ಳಿ. ಅಮ್ಮನ ಮಾಸ್ಕಿನ ಪಟ್ಟಿ ಎಷ್ಟು ಅಗಲ ಅಂತ ಅಳೆದು ಬರೆಯಿರಿ, ಬಟ್ಟೆ ಎಷ್ಟು ಕತ್ತರಿಸಬೇಕು ಅಂತ ಹೇಳುತ್ತೇನೆ.